ಮಿನುಗದ ಕೋಶಗಳು

ಹೊಳೆದಂಡೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಶಿವಯೋಗಿ ಮೂರು ವರ್ಷಗಳಿಂದ ಅನಸೂಯಾ ಮೇಡಂ ಕೈಕೆಳಗೆ ಕಲಿಯುತ್ತಿದ್ದ.

ಒಂದು ದಿನ ಹನುಮವ್ವ ಎಂಬಾಕೆ ಕ್ಯಾನಿನಲ್ಲಿ ನೀರು ಹೊತ್ತು ತಂದಳು. ಮೇಲ್ಗಡೆ ಬಣ್ಣದ ಕಾರ್ಖಾನೆ ಬಂದ ಮೇಲೆ ಹೊಳೆಯ ನೀರಿನ ವಾಸನೆಯೇ ಬೇರೆಯಾಗಿತ್ತು. ಅವಳ ಏಳು ವರ್ಷದ ಮಗಳು ಮೈನೆರೆದಿದ್ದಳು. ನೀರಿನಲ್ಲಿ ಏನಾದರೂ ಇದೆಯೇ ನೋಡಿ ಹೇಳಿ ಎಂದಳು.

ಶಿವಯೋಗಿಯ ಬಳಿ ಅದಕ್ಕೆಂದೇ ಬೆಳೆಸಿದ ಜೀವಕೋಶಗಳಿದ್ದವು. ಹೆಣ್ಣಿನ ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕ ತಾಗಿದರೆ ಅವು ಮಿನುಗುತ್ತವೆ. ಅವನು ನೀರನ್ನು ಇಂಗಿಸಿ ಗಟ್ಟಿ ಸಾರ ತೆಗೆದು ಅವುಗಳ ಮೇಲೆ ಹನಿಸಿದ. ಮಿನುಗು ಅಳೆಯುವ ಯಂತ್ರ ಬೆಳಕು ತೋರಿಸಲಿಲ್ಲ. ನೀರಿನಲ್ಲಿ ದೋಷವಿಲ್ಲ ಎಂದು ವರದಿ ಬರೆದು ಕೊಟ್ಟ.

ಎಂಟು ತಿಂಗಳ ಮೇಲೆ ಹನುಮವ್ವ ಮತ್ತೆ ನೀರು ಹೊತ್ತು ಬಂದಳು. ಈ ಸಲ ಐದು ವರ್ಷದ ಎರಡನೆಯ ಮಗಳಿಗೂ ಹಾಗೇ ಆಗಿತ್ತು.

ಶಿವಯೋಗಿ ಮತ್ತೆ ಪರೀಕ್ಷೆ ಮಾಡಿದ. ಮತ್ತೆ ಬೆಳಕಿಲ್ಲ. ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಅಂಕಿಗಳನ್ನು ಒಯ್ದು ಮೇಡಂಗೆ ತೋರಿಸಿದ.

ಮೇಡಂ ಅಂಕಿಗಳನ್ನು ನೋಡಲಿಲ್ಲ. ಕೋಶಗಳಿದ್ದ ತಟ್ಟೆಯನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಎದ್ದು ಅವನಿಗೆ ಜಾಗ ಬಿಟ್ಟರು.

ಅವನು ಬಗ್ಗಿ ನೋಡಿದ. ತಳಕ್ಕೆ ಅಂಟಿಕೊಂಡು ಹರಡಿರಬೇಕಾದ ಕೋಶಗಳು ಮುದುಡಿ ತೇಲುತ್ತಿದ್ದವು. ಒಂದೂ ಬದುಕಿರಲಿಲ್ಲ. ಮಿನುಗುವುದಕ್ಕೆ ಮೊದಲೇ ಸಾರ ಅವನ್ನು ಕೊಂದಿತ್ತು.

ಮೇಡಂ ಹೇಳಿದಂತೆ ಸಾರವನ್ನು ನೂರು ಪಟ್ಟು ತೆಳುಮಾಡಿ ಬೇರೆ ಕೋಶಗಳಿಗೆ ಹನಿಸಿದ. ಮಾರನೆಯ ದಿನ ಅವು ಬದುಕಿದ್ದವು. ಸಾಲಿಗೆ ಸಾಲೇ ಮಿನುಗಿದವು.



“ನಾನು ಸುಳ್ಳು ಬರೆದಿಲ್ಲ ಮೇಡಂ,” ಎಂದ ಶಿವಯೋಗಿ. “ಅವತ್ತು ಮಿನುಗಲಿಲ್ಲ.”

“ಮಿನುಗಲಿಲ್ಲ ಅಂತ ಎಲ್ಲಿ ಬರೆದೆ? ದೋಷವಿಲ್ಲ ಅಂತ ಬರೆದೆ.”

ಹನುಮವ್ವನಿಗೆ ನೀವೇ ಹೇಳಿ ಎಂದು ಬೇಡಿಕೊಂಡ. ಮೇಡಂ ಬಾಗಿಲು ತೆರೆದು ನಿಂತರು. ಹನುಮವ್ವ ಫಲಿತಾಂಶ ಕೇಳಲು ಬಂದು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಳು.

ಅವನು ಹೋಗಿ ಎಲ್ಲವನ್ನೂ ಹೇಳಿದ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

“ಸಣ್ಣಾಕಿಗೆ ದೂರದ ಬಾವಿಯಿಂದ ನೀರು ತರ್ತಿದ್ದೆ,” ಎಂದಳು. “ಹೊಳಿ ನೀರು ಚಲೋ ಐತಿ ಅಂತ ನೀವು ಬರೆದುಕೊಟ್ಟ ಮ್ಯಾಲೆ ಬಿಟ್ಟೆ.”

ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ವರದಿಯನ್ನು ಅವನ ಕೈಗಿಟ್ಟು ಹೊರಟುಹೋದಳು.

ಶಿವಯೋಗಿ ಒಳಗೆ ಬಂದು ಆ ಕಾಗದವನ್ನು ಹರಿಯಹೋದ. ಮೇಡಂ ಅವನ ಕೈ ಹಿಡಿದರು.

“ಹರಿಯಬೇಡ. ಕೆಳಗೆ ನನ್ನ ಸಹಿಯೂ ಇದೆ.”