ಕೋತಿ ಸಾಕಿದ ಆಮೆಮರಿ

ಕಲ್ಲುಗುಡ್ಡದ ಕೆಳಗಿನ ಕುರುಚಲು ಕಾಡಿನಲ್ಲಿ ಒಂದು ಅತ್ತಿಮರವಿತ್ತು, ಮಕ್ಕಳೇ. ಆ ಮರದಲ್ಲಿ ಬೋರವ್ವ ಎಂಬ ಮುದಿ ಕೋತಿ ಇದ್ದಳು. ಮಕ್ಕಳನ್ನು ಹೆತ್ತು, ಹೊತ್ತು, ದೊಡ್ಡವರನ್ನಾಗಿ ಮಾಡಿ ಅವಳ ಸೊಂಟ ಸೋತುಹೋಗಿತ್ತು. ಇನ್ನು ಸಾಕಪ್ಪ ಎಂದು ಕೂತವಳಿಗೆ ಮರದ ಬುಡದಲ್ಲಿ ಒಂದು ಆಮೆಮರಿ ಸಿಕ್ಕಿತು. ಆಗಷ್ಟೇ ಮಣ್ಣಿನೊಳಗಿಂದ ತಲೆಯೆತ್ತಿದ ಕೂಸು.

"ನಿನ್ನನ್ನೂ ನಾನೇ ನೋಡಿಕೊಳ್ಳಬೇಕೇನೋ" ಎಂದು ಬೋರವ್ವ ಅವನನ್ನು ಎತ್ತಿಕೊಂಡಳು. ಬೋರಲು ಹಾಕಿದ ಬಟ್ಟಲಿನಂತಿದ್ದವನಿಗೆ ಬಟ್ಲ ಎಂದು ಹೆಸರಿಟ್ಟಳು.

ಕೋತಿಗಳಲ್ಲಿ ಎಳೆಯ ಮಗುವನ್ನು ನೆಲಕ್ಕೆ ಬಿಡುವ ಪದ್ಧತಿಯಿಲ್ಲ. ಮಗುವೇ ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಆದರೆ ಬಟ್ಲನಿಗೆ ಅಂಟಿಕೊಳ್ಳಲು ಬಾರದು. ಬೋರವ್ವ ಒಂದು ಕೈಯಲ್ಲಿ ಅವನನ್ನು ಅವುಚಿಕೊಂಡು, ಇನ್ನೊಂದು ಕೈಯಲ್ಲೇ ಮರ ಹತ್ತುತ್ತಿದ್ದಳು. ಬಿಸಿಲು ತಾಗದಂತೆ ಎಲೆಯ ಮರೆಯಲ್ಲಿ ಕೂರಿಸಿ, ಬಾಳೆಹಣ್ಣಿನ ಸಿಪ್ಪೆ ಸುಲಿದು, ಅತ್ತಿಹಣ್ಣನ್ನು ಹಿಸುಕಿ ತಿನ್ನಿಸುತ್ತಿದ್ದಳು.

ಒಂದು ದಿನ ಕೆಳಗೆ ಹುಲ್ಲು ಮೇಯುತ್ತಿದ್ದ ಮುದಿ ಆಮೆ ಕಲ್ಲಜ್ಜ ಕೇಳಿದ, "ಅಲ್ಲ ಬೋರವ್ವ, ಬರೀ ಹಣ್ಣೇ ಕೊಡ್ತೀಯಲ್ಲ, ಒಂದಿಷ್ಟು ಹುಲ್ಲು ತಿನ್ನಿಸಬಾರದೇ?"

"ಹುಲ್ಲು ತಿನ್ನೋಕೆ ಅವನೇನು ಎಮ್ಮೆಯೇ?"

"ಅವನು ಕೋತಿಯೂ ಅಲ್ಲವಲ್ಲ."

"ನಿನ್ನ ಬೆನ್ನು ನೋಡಿಕೋ ಕಲ್ಲಜ್ಜ, ಸುಟ್ಟ ಒಲೆಗಲ್ಲಿನ ಹಾಗಿದೆ. ನನ್ನ ಮಗುವಿನ ಬೆನ್ನು ಬೆಣ್ಣೆಯಂತಿದೆ."

"ನನಗೆ ಚಿಂತೆ ಹತ್ತಿರೋದೂ ಅದಕ್ಕೇ" ಎಂದು ಕಲ್ಲಜ್ಜ ನಿಧಾನವಾಗಿ ಹೊರಟುಹೋದ.

ಬಟ್ಲ ಬೆಳೆದ. ಅವನ ಚಿಪ್ಪು ಅಲ್ಲಲ್ಲಿ ಉಬ್ಬಿಕೊಂಡಿತು, ಒತ್ತಿದರೆ ತಗ್ಗುತ್ತಿತ್ತು. ಬೋರವ್ವನಿಗೆ ಅದು ಕಾಣಲಿಲ್ಲ. ಅವನ ಭಾರ ಮಾತ್ರ ಗೊತ್ತಾಗುತ್ತಿತ್ತು.

ಒಮ್ಮೆ ನೀರು ಕುಡಿಯಲು ಹಳ್ಳಕ್ಕೆ ಹೋದಾಗ ಅವಳ ಕೈ ಜೋಮು ಹಿಡಿಯಿತು. ಬಟ್ಲನನ್ನು ದಡದಲ್ಲಿಟ್ಟು ನೀರಿಗೆ ಬಗ್ಗಿದಳು. ಪೊದೆಯಿಂದ ನರಿ ಬಂತು. ಬಟ್ಲ ತಲೆ ಕಾಲು ಒಳಗೆಳೆದುಕೊಂಡ. ಆಮೆಗೆ ಅಷ್ಟು ಸಾಕಾಗಬೇಕಿತ್ತು. ಆದರೆ ನರಿ ಬಾಯಿ ಹಾಕುತ್ತಲೇ ಚಿಪ್ಪು ಹಸಿ ತೊಗಟೆಯಂತೆ ಬಗ್ಗಿತು.

"ಅವ್ವಾ, ಒತ್ತುತ್ತಿದೆ" ಎಂದು ಒಳಗಿನಿಂದ ಕೂಗು ಕೇಳಿಸಿತು.

ಬೋರವ್ವ ಹಾರಿ ನರಿಯ ಕಿವಿ ಕಚ್ಚಿದಳು. ನರಿ ಬಟ್ಲನನ್ನು ಬಿಟ್ಟು ಓಡಿತು. ಚಿಪ್ಪಿನ ಮೇಲೆ ಹಲ್ಲಿನ ಗುರುತು ಆಳವಾಗಿ ಮೂಡಿತ್ತು. ಅವಳು ನೇರವಾಗಿ ಕಲ್ಲಜ್ಜನ ಬಳಿಗೆ ಹೋದಳು.

"ಏನು ಮಾಡಲಿ ಹೇಳು. ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ."

"ಕೆಳಗೆ ಬಿಡು ಬೋರವ್ವ. ಗರಿಕೆ, ಕಾಡುಸೊಪ್ಪು ಮೇಯಲಿ. ಸತ್ತ ಬಸವನಹುಳುವಿನ ಚಿಪ್ಪು ಸಿಕ್ಕರೆ ಕಡಿಯಲಿ, ಅದರಲ್ಲಿ ಸುಣ್ಣವಿದೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳಲಿ. ಬಿಸಿಲಿಲ್ಲದಿದ್ದರೆ ತಿಂದ ಸುಣ್ಣ ಮೈಗೆ ಹತ್ತೋದಿಲ್ಲ. ಹಣ್ಣು ಎಂದಾದರೂ ಒಮ್ಮೆ."

"ಅಳ್ತಾನೆ."

"ಅಳಲಿ. ಹಸಿದರೆ ತಿಂತಾನೆ."

ಬಟ್ಲ ಅತ್ತ. "ಕಹಿ ಅವ್ವ" ಎಂದ. ಬೋರವ್ವ ಒಂದು ಎಲೆ ಕಿತ್ತು ತಾನೂ ಅಗಿದು ನೋಡಿದಳು. ನಿಜಕ್ಕೂ ಕಹಿಯಾಗಿತ್ತು. ಉಗಿಯಲಿಲ್ಲ, ನುಂಗಿದಳು.

"ತಿನ್ನು" ಎಂದು ಮುಖ ತಿರುಗಿಸಿಕೊಂಡಳು. ಹಣ್ಣು ತಿನ್ನಿಸುವುದಕ್ಕಿಂತ ಹಣ್ಣು ಕೊಡದಿರುವುದು ಅವಳನ್ನು ಹೆಚ್ಚು ದಣಿಸಿತು.

ಮಳೆಗಾಲ ಬಂದು ಹೋಯಿತು. ಎದ್ದ ಉಬ್ಬುಗಳು ಇಳಿಯಲಿಲ್ಲ, ಆದರೆ ಚಿಪ್ಪು ಗಟ್ಟಿಯಾಯಿತು.

ಮತ್ತೊಂದು ಬೆಳಗ್ಗೆ ನರಿ ಬಂತು. ಬೋರವ್ವ ಮರದಿಂದ ಅರ್ಧ ಇಳಿಯುವಷ್ಟರಲ್ಲಿ ಅದು ಬಟ್ಲನಿಗೆ ಬಾಯಿ ಹಾಕಿಯೇಬಿಟ್ಟಿತು. ಕಟಕ್ ಎಂದು ಹಲ್ಲು ಜಾರಿತು. ಇನ್ನೊಮ್ಮೆ ಕಚ್ಚಿತು, ಇನ್ನೊಮ್ಮೆ ಜಾರಿತು.

"ಥೂ, ಕಲ್ಲು" ಎಂದು ನರಿ ದವಡೆ ನೆಕ್ಕಿಕೊಳ್ಳುತ್ತ ಹೋಯಿತು.

ಬಟ್ಲ ಮೆಲ್ಲಗೆ ತಲೆ ಹೊರಹಾಕಿ, ಎದುರಿಗಿದ್ದ ಗರಿಕೆಯನ್ನೇ ಮತ್ತೆ ಮೇಯತೊಡಗಿದ.

"ಏನಾದರೂ ಬೇಕೇನೋ?" ಬೋರವ್ವ ಕೊಂಬೆಯ ಮೇಲಿಂದ ಕೇಳಿದಳು.

"ಏನೂ ಬೇಡ ಅವ್ವ. ನೀನು ಮಲಗು."

ಅವಳು ಅಲ್ಲೇ ಕೊಂಬೆಗೆ ಕೆನ್ನೆಯಿಟ್ಟಳು. ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತ ಮಲಗಿದವಳು ಬಿಸಿಲು ನೆತ್ತಿಗೇರಿದರೂ ಏಳಲಿಲ್ಲ.

ನೀತಿ: ಸಾಕುವವರು ತಮ್ಮ ನಾಲಿಗೆಗೆ ರುಚಿಸಿದ್ದನ್ನಲ್ಲ, ಸಾಕಿದ ಜೀವದ ಮೈಗೆ ಒಗ್ಗುವುದನ್ನು ಉಣ್ಣಿಸಬೇಕು.