ಒಂಬತ್ತು ದೇಶಕ್ಕೊಬ್ಬ ನಾಯಕ

ಶನಿವಾರ ಒಂಬತ್ತು ದೇಶಗಳು ಏಕಕಾಲಕ್ಕೆ ನಾಯಕರಿಲ್ಲದಂತಾದವು. ಆನ್‌ಲೈನ್ ನಾಯಕತ್ವ ತರಬೇತಿಯಲ್ಲಿ ಪ್ರತಿ ದೇಶದವರೂ ಇಡೀ ತಂಡಕ್ಕೆ ತಾವೇ ನಾಯಕರೆಂದು ಪಟ್ಟು ಹಿಡಿದಿದ್ದರು.

"ಎಲ್ಲರೂ ಒಪ್ಪಿ ಒಬ್ಬರನ್ನು ಆರಿಸಿ. ಇಲ್ಲದಿದ್ದರೆ ಯಾರಿಗೂ ಪ್ರಮಾಣಪತ್ರವಿಲ್ಲ," ಎಂದರು ತರಬೇತುದಾರ ಪ್ರಭಂಜನ ಸರ್. "ನನ್ನಂಥ ಹುಟ್ಟು ನಾಯಕ ಬೇಕು."

ಭಾರತದಿಂದ ಸೇರಿದ್ದ ಗದಗಿನ ನೀಲವ್ವನಿಗೆ ಆ ಪ್ರಮಾಣಪತ್ರ ತೋರಿಸಿದರೆ ಮಾತ್ರ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ.

"ಸರ್, ನಾಯಕ ಆದವರು ಎಲ್ಲಾ ದೇಶದ ಹಗಲಿನಾಗೂ ಎಚ್ಚರ ಇರಬೇಕಲ್ರೀ?" ಎಂದಳು.

"ಖಂಡಿತ. ನಾಯಕನಿಗೆಲ್ಲಿಯ ನಿದ್ದೆ?"

ಬ್ರೆಜಿಲ್ ಕೂಡಲೇ ಕೆನ್ಯಾಕ್ಕೆ ಬಿಟ್ಟುಕೊಟ್ಟಿತು. ಕೆನ್ಯಾ ಜಪಾನಿಗೆ ಕೈಮುಗಿಯಿತು. ಜಪಾನ್ ಆಕಳಿಸಿತು.

"ಹುಟ್ಟು ನಾಯಕರು ಎದುರಿಗೇ ಅದಾರಲ್ರೀ," ಎಂದಳು ನೀಲವ್ವ.

ಸರ್ ಹೆಸರಿಗೆ ಒಂಬತ್ತೂ ದೇಶಗಳು ಕೈ ಎತ್ತಿದವು. ಸರ್ ಬಹಳ ಹೊತ್ತು ಏನೋ ಹೇಳಿದರು. ಅವರ ಮೈಕ್ ಆಫ್ ಆಗಿತ್ತು.

ಪ್ರಮಾಣಪತ್ರ ಎಲ್ಲರಿಗೂ ಬಂತು. ಸರ್ ಸೋಮವಾರದಿಂದ ರಜೆಯಲ್ಲಿದ್ದಾರೆ.