ತುತ್ತೂರಿ ಹೂವಿನ ಕಾವಲು

ಬೆಟ್ಟದ ಓರೆಯಲ್ಲಿ ಒಂದು ಮಠ. ಮಠ ಅಂದರೆ ಏನು ಮಹಾ, ಒಂದು ಹಂಚಿನ ಸೂರು, ಮುಂದೆ ಒಂದು ಹಳ್ಳ, ಅಂಗಳದಲ್ಲಿ ಒಂದು ತುತ್ತೂರಿ ಹೂವಿನ ಮರ.

ಉಮ್ಮತ್ತದ ಜಾತಿಯೇ ಅದು. ಆದರೆ ಉಮ್ಮತ್ತದ ಹಾಗೆ ಮುಖ ಮೇಲೆತ್ತಿ ನಿಲ್ಲುವುದಿಲ್ಲ, ಮೊಳದುದ್ದದ ಹೂವು ತಲೆಕೆಳಗಾಗಿ ತೂಗುತ್ತದೆ. ಹೊತ್ತು ಮುಳುಗಿತೋ, ಓರೆಗೆಲ್ಲ ಅದರ ಘಮ. ಎಲೆಯಿಂದ ಬೇರಿನವರೆಗೆ ವಿಷವೂ ಹೌದು, ದನ ಕೂಡ ಮೂಸಿ ಮುಂದೆ ಹೋಗುತ್ತದೆ. ಹಿಂದಿನ ದೊಡ್ಡ ಗುರುಗಳು ಎಲ್ಲಿಂದಲೋ ಬೀಜ ತಂದು ಬೆಳೆಸಿದ್ದು. ಆ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಗಿಡಗಳೂ ಅವರು ಹಂಚಿದ ಬೀಜದಿಂದ ಎದ್ದವೇ.

ಮಠದ ಪದ್ಧತಿ ಹೀಗಿತ್ತು. ಶಿಷ್ಯನ ಕಲಿಕೆ ಮುಗಿದರೆ ಗುರುಗಳು ಅವನಿಗೆ ಬೆತ್ತ ಕೊಡುವುದಿಲ್ಲ, ಮಣಿಸರ ಕೊಡುವುದಿಲ್ಲ. ಆ ವರ್ಷದ ಕಾಯಿ ಒಡೆದು ಒಂದು ಹಿಡಿ ಬೀಜ ಕೊಡುತ್ತಾರೆ. ಮಿಕ್ಕಿದ್ದು ಬಂದವರಿಗೆಲ್ಲ. ಬೀಜ ಸಿಕ್ಕಿದ ಶಿಷ್ಯ ಹೊರಡಬಹುದು, ಸಿಗದವನು ಇರಬೇಕು.

ಈ ಸಲ ಗುರುಮಲ್ಲನ ಸರದಿ. ಬಯಲಿನ ಒಂದು ಹಳ್ಳಿಯವರು ಅವನಿಗಾಗಿ ಪಾಠಶಾಲೆಗೆ ಜಾಗ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಅವನಿಗೂ ಹೋಗುವ ಆಸೆ ಎದೆಯ ತುಂಬ ಇತ್ತು.

ಗುರುಮಲ್ಲ ಓದಿನಲ್ಲಿ ಚುರುಕು, ಕೆಲಸದಲ್ಲಿ ಗಟ್ಟಿಗ. ಇದ್ದ ರೋಗ ಒಂದೇ, ಅನುಮಾನ. ಯಾರು ನೀರು ಕೊಟ್ಟರೂ ಲೋಟದ ಬಾಯನ್ನು ಹೆಗಲ ವಸ್ತ್ರದಿಂದ ಒರೆಸಿಯೇ ಕುಡಿಯುವವನು. ಗುರುಗಳು ಕೊಟ್ಟ ತಟ್ಟೆಯನ್ನೂ ಒರೆಸುತ್ತಿದ್ದ. ಯಾರಾದರೂ ಭಕ್ತಿಯಿಂದ ಹಾಲು ತಂದರೆ, "ನೀರೆಷ್ಟು ಬೆರೆಸಿದ್ದೀರಿ?" ಅಂತ ಕೇಳದೆ ಪಾತ್ರೆ ಒಡ್ಡುತ್ತಿರಲಿಲ್ಲ. ಅವನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು. ಪಾಪ, ಅವರಾದರೂ ಏನು ಮಾಡಿಯಾರು.

ಮರಕ್ಕೂ ವಯಸ್ಸಾಗಿತ್ತು. ಬುಡ ಟೊಳ್ಳಾಗಿ ಗೆದ್ದಲು ಹತ್ತಿತ್ತು.

"ಇನ್ನೊಂದು ಮಳೆಗಾಲ ತಡೆಯುವುದಿಲ್ಲ ಇದು," ಅಂದರು ಗುರು ನಿರ್ವಾಣಸ್ವಾಮಿಗಳು. "ಈ ಸಲ ಕಾಯಿ ಕಟ್ಟಿದರೆ ನಿನ್ನ ಪುಣ್ಯ."

"ಕಟ್ಟದಿದ್ದರೆ ಬುದ್ಧೀ?"

"ಇಲ್ಲೇ ಇರು. ರಾಗಿ ಬೀಸುವುದಕ್ಕೆ ಜನ ಬೇಕು."

ಗುರುಮಲ್ಲನ ಮುಖ ಸಪ್ಪಗಾಯಿತು. "ಒಂದು ಕೊಂಬೆ ಕಡಿದು ಕೊಟ್ಟರೆ ಸಾಲದೇ? ನೆಟ್ಟರೆ ಚಿಗುರುತ್ತದಲ್ಲ."

"ಕೊಂಬೆ ನೆಟ್ಟರೆ ಇದೇ ಮರ ಮತ್ತೆ ಬರುತ್ತದೆ. ನಿನ್ನನ್ನು ಕಳಿಸುವುದು ಇನ್ನೊಬ್ಬ ನಿರ್ವಾಣಸ್ವಾಮಿ ಆಗಲಿ ಅಂತ ಅಲ್ಲ. ನನಗೇ ನಾನು ಸಾಕಾಗಿದ್ದೇನೆ."

ಅಂದಿನಿಂದ ಗುರುಮಲ್ಲನ ಕಣ್ಣೆಲ್ಲ ಮರದ ಮೇಲೆ.

ಹೂ ಬಿಡಲು ಶುರುವಾದ ಹೊಸತರಲ್ಲಿ, ಒಂದು ಸಂಜೆ, ಮರದಡಿ ಯಾರೋ ನಿಂತಿದ್ದರು. ನೋಡಿದರೆ ಹಳ್ಳದಾಚೆಯ ಚಿಕ್ಕತಾಯಮ್ಮ. ಹೂವಿನೊಳಗೆ ಒಂದು ಕೋಳಿಗರಿ ತೂರಿಸಿ ಏನೋ ಕೆದಕುತ್ತಿದ್ದಳು. ಇವನ ಹೆಜ್ಜೆ ಸಪ್ಪಳ ಕೇಳಿದ್ದೇ, ಗರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಳ್ಳ ದಾಟಿ ಓಡಿದಳು.

ಗುರುಮಲ್ಲ ನೇರ ಗುರುಗಳ ಹತ್ತಿರ ಬಂದ.

"ಬುದ್ಧೀ, ಆ ಹೆಂಗಸು ವಿಷ ಕದಿಯುತ್ತಿದ್ದಾಳೆ. ಅತ್ತೆಗೆ ಹಾಕುವುದಕ್ಕೇ ಇರಬೇಕು."

"ಅವಳ ಅತ್ತೆ ಬೆಳಿಗ್ಗೆ ಇಲ್ಲೇ ಕೂತು ಮೂರು ಮುದ್ದೆ ನುಂಗಿ ಹೋದಳಲ್ಲೋ."

"ಹಾಗಾದರೆ ಮಾಟಕ್ಕೆ."

"ಮರದಿಂದ ಏನು ಹೋಯಿತು?"

"ಎಲೆ ಇದೆ. ಹೂವೂ ಇದೆ."

"ಮತ್ತೆ ಏನು ಕದ್ದಳು?"

"ಅದು ಗೊತ್ತಾಗದೆ ಇರುವುದಕ್ಕೇ ನನಗೆ ಅನುಮಾನ ಜಾಸ್ತಿ," ಅಂದ ಗುರುಮಲ್ಲ.

ಗುರುಗಳು ವಿಭೂತಿ ಗಟ್ಟಿಯನ್ನು ತೇಯುತ್ತಾ ಕೂತರು.

ಮರುದಿನವೇ ಗುರುಮಲ್ಲ ಮರದ ಸುತ್ತ ಮುಳ್ಳು ತಂದು ಬೇಲಿ ಹಾಕಿದ. ಚಾಪೆಯನ್ನೂ ಅಲ್ಲೇ ಹಾಸಿಕೊಂಡ. ಚಿಕ್ಕತಾಯಮ್ಮ ಒಂದೆರಡು ಸಂಜೆ ಹಳ್ಳದ ದಡದವರೆಗೆ ಬಂದಳು, ಇವನನ್ನು ನೋಡಿ ಹಿಂದಿರುಗಿದಳು. ಆಮೇಲೆ ಬರುವುದನ್ನೇ ಬಿಟ್ಟಳು.

ಆ ಹೂವಿನ ಕೆಳಗೆ ಮಲಗಿದವನ ತಲೆ ಕೇಳಬೇಕೆ? ಬೆಳಗಾಗುವಷ್ಟರಲ್ಲಿ ಸಿಡಿಯುತ್ತಿತ್ತು.

"ಅವಳು ಏನೋ ಮಾಡಿಸಿದ್ದಾಳೆ ಬುದ್ಧೀ. ತಲೆ ಎತ್ತಲಾಗುತ್ತಿಲ್ಲ."

ಗುರುಗಳು ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. ಗುರುಮಲ್ಲ ಲೋಟದ ಬಾಯಿ ಒರೆಸಿ ಕುಡಿದ.

ಹೂವೇನೋ ಮರ ತುಂಬಾ ಬಂತು. ಸಂಜೆಯಾದರೆ ಹಾದಿಯಲ್ಲಿ ಹೋಗುವವರು ನಿಂತು ಉಸಿರೆಳೆದುಕೊಂಡು ಹೋಗುತ್ತಿದ್ದರು. ಬೇರೆ ವರ್ಷ ಹೂವು ಉದುರಿದ ಮೇಲೆ ತೊಟ್ಟಿನಲ್ಲಿ ಬೆರಳುದ್ದದ ಹಸಿರು ಕಾಯಿ ನಿಲ್ಲುತ್ತಿತ್ತು. ಈ ಸಲ ಹೂವಿನ ಜೊತೆ ತೊಟ್ಟೂ ಕಳಚಿ ಬಿತ್ತು. ಒಂದಲ್ಲ, ಎಲ್ಲವೂ. ತುದಿಯ ರೆಂಬೆಯಲ್ಲಿ ಕಡೆಯ ನಾಲ್ಕಾರು ಮೊಗ್ಗು ಮಾತ್ರ ಉಳಿದವು.

ಗುರುಮಲ್ಲ ಬಿದ್ದ ತೊಟ್ಟುಗಳನ್ನು ಆರಿಸಿ ಆರಿಸಿ ನೋಡಿದ. ಯಾವುದರಲ್ಲೂ ಕಾಯಿಯ ಗುರುತಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ಇನ್ನೊಂದು ಅನುಮಾನವೂ ಬಂತು. ಬೇಲಿಯೊಳಗೆ ತಾನು ಬಿಟ್ಟರೆ ಬಂದವರು ಮಜ್ಜಿಗೆ ತಂದ ಗುರುಗಳೊಬ್ಬರೇ.

"ಬುದ್ಧೀ, ಒಂದು ಮಾತು ಕೇಳಲೇ?"

"ಕೇಳು."

"ನಾನು ಹೋಗಬಾರದು ಅಂತ ಕಾಯಿಯನ್ನೆಲ್ಲ ನೀವೇ ಚಿವುಟಿ ಹಾಕಿದಿರಾ?"

ಕೇಳಿದ ಮೇಲೆ ಅವನ ಕಣ್ಣು ಗುರುಗಳ ಕೈಯ ಮೇಲೆ ಬಿತ್ತು. ಇಷ್ಟು ವರ್ಷ ಅನ್ನ ಹಾಕಿದ ಕೈ ಅದು.

ಗುರುಗಳು ಆ ಎರಡೂ ಕೈಯನ್ನು ಅವನ ಮುಂದೆ ಚಾಚಿದರು. "ಆ ಮರ ಮುಟ್ಟಿದರೆ ವಾಸನೆ ಹೋಗುವುದಿಲ್ಲ. ಮೂಸಿ ನೋಡು."

ಗುರುಮಲ್ಲ ತಲೆ ಬಗ್ಗಿಸಿದ. ಬಗ್ಗಿಸಿದವನು ಮೂಸಿಯೂ ನೋಡಿದ, ಅಷ್ಟು ಕೆಟ್ಟದ್ದು ಆ ರೋಗ. ವಿಭೂತಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನಾಚಿಕೆಯಿಂದ ಸತ್ತು ಹೋಗುವಂತಾಯಿತು.

"ಇನ್ನು ಉಳಿದವಳು ಕಳ್ಳಿ ಒಬ್ಬಳು," ಅಂದರು ಗುರುಗಳು. "ನಡಿ, ಅವಳನ್ನೂ ಕೇಳಿಬಿಡೋಣ."

ಹಳ್ಳ ದಾಟಿದರು. ಚಿಕ್ಕತಾಯಮ್ಮನ ಹಿತ್ತಲಲ್ಲಿ ಒಂದು ತುತ್ತೂರಿ ಮರ ಹೂ ಬಿಟ್ಟು ನಿಂತಿತ್ತು. ಮಠದ್ದು ಬಿಳಿ, ಇದು ನಸುಗೆಂಪು. ಗುರುಗಳನ್ನು ಕಂಡು ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಡ್ಡಬಿದ್ದಳು. ಅವರ ಹಿಂದೆ ಗುರುಮಲ್ಲನನ್ನು ಕಂಡು ಎರಡು ಹೆಜ್ಜೆ ಸರಿದಳು.

"ಏನು ಕದಿಯುತ್ತಿದ್ದೆಯವ್ವಾ ನಮ್ಮ ಮರದಲ್ಲಿ?"

"ದಿಟ ಬುದ್ಧೀ, ಕದ್ದೆ. ಸುಳ್ಳು ಯಾಕೆ ಹೇಳಲಿ." ಸೂರಿಗೆ ಸಿಕ್ಕಿಸಿದ್ದ ಕೋಳಿಗರಿಯನ್ನು ತೆಗೆದು ತೋರಿಸಿದಳು. "ನಿಮ್ಮ ಹೂವಿನ ಘಮ ನನ್ನದಕ್ಕಿಲ್ಲ. ಒಳಗಿನ ಹುಡಿ ತಂದು ನನ್ನ ಹೂವಿಗೆ ಸವರಿದರೆ ಘಮ ಹತ್ತುತ್ತದೇನೋ ಅಂತ. ಪ್ರತಿ ವರ್ಷ ಹೂವಿನ ಕಾಲದಲ್ಲಿ ಬರುತ್ತಿದ್ದೆ."

"ಕೇಳಿದರೆ ಕೊಡುತ್ತಿರಲಿಲ್ಲವೇ?"

ಚಿಕ್ಕತಾಯಮ್ಮ ಗುರುಮಲ್ಲನ ಕಡೆ ಓರೆಗಣ್ಣಲ್ಲಿ ನೋಡಿದಳು. "ಕೇಳಬಹುದಿತ್ತು ಬುದ್ಧೀ. ಒಂದು ಕೇಳಿದರೆ ಇವರು ಹತ್ತು ಕೇಳುತ್ತಾರಲ್ಲ."

ಗುರುಗಳು ನಕ್ಕರು. "ಘಮ ಹತ್ತಿತೇ?"

"ಎಲ್ಲಿ ಬಂತು. ಆದರೆ ಕಾಯಿ ಮಾತ್ರ ರೆಂಬೆ ಬಾಗುವಷ್ಟು ಬಿಡುತ್ತಿತ್ತು. ತವರಿನವರಿಗೆಲ್ಲ ಬೀಜ ಹಂಚಿದ್ದೆ. ಈ ವರ್ಷ ಇವರು ಬೇಲಿ ಹಾಕಿಬಿಟ್ಟರು, ನನ್ನದೂ ಬಂಜೆ."

ಗುರುಮಲ್ಲ ತಲೆ ಎತ್ತಿದ.

"ಗರಿಯನ್ನು ಒರೆಸಿಕೊಂಡು ಬರುತ್ತಿದ್ದೆಯಾ ನಮ್ಮಲ್ಲಿಗೆ?" ಗುರುಗಳು ಕೇಳಿದರು.

"ಅದೇನು ಒರೆಸುವುದು ಬುದ್ಧೀ? ಇಲ್ಲಿ ಹಚ್ಚಿ ಅಲ್ಲಿಗೆ ಓಡುವುದು, ಅಲ್ಲಿ ಅದ್ದಿ ಇಲ್ಲಿಗೆ ಓಡುವುದು. ಸಿಕ್ಕಿಬೀಳುವ ಭಯದಲ್ಲಿ ಒರೆಸುತ್ತಾ ಕೂರುತ್ತಾರಾ ಯಾರಾದರೂ?"

ಗರಿಯ ತುದಿಯಲ್ಲಿ ಎರಡು ಬಣ್ಣದ ಹುಡಿ ಮೆತ್ತಿಕೊಂಡಿತ್ತು. ಗುರುಮಲ್ಲ ಅದನ್ನೇ ನೋಡುತ್ತಾ ನಿಂತ. ಈ ಹೂವು ತನ್ನ ಮರದ ಹುಡಿಗೆ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಮರದ್ದು ಬೇಕು. ಇಷ್ಟು ವರ್ಷ ಮಠದ ಮರ ಕಾಯಿ ಕಟ್ಟುತ್ತಿದ್ದದ್ದು ಇವಳು ಗರಿಯಲ್ಲಿ ಹೊತ್ತು ತಂದ ಹುಡಿಯಿಂದ. ಇವಳ ಮರ ಕಾಯಿ ಕಟ್ಟುತ್ತಿದ್ದದ್ದು ಇವಳು ಕದ್ದು ತಂದ ಹುಡಿಯಿಂದ. ತಾನು ಹಗಲಿರುಳು ತಲೆ ಸಿಡಿಸಿಕೊಂಡು ಕಾದದ್ದು ತನ್ನ ಬೀಜಕ್ಕೇ ಅಡ್ಡವಾಗಿತ್ತು.

"ತಾಯೀ, ತಪ್ಪಾಯಿತು," ಅಂದ.

"ಬಿಡಿ ಸ್ವಾಮಿ, ಕದ್ದವಳಂತೂ ನಾನೇ," ಅಂದಳು ಚಿಕ್ಕತಾಯಮ್ಮ. ಒಳಗೆ ಹೋಗಿ ಇಬ್ಬರಿಗೂ ನೀರು ತಂದಳು. ಗುರುಮಲ್ಲ ಲೋಟ ತೆಗೆದುಕೊಂಡ. ಅಭ್ಯಾಸಬಲ, ಕೈ ಹೆಗಲ ವಸ್ತ್ರಕ್ಕೆ ಹೋಯಿತು. ಅಲ್ಲೇ ನಿಂತಿತು. ಹಾಗೇ ಕುಡಿದ.

ಹೊರಡುವಾಗ ಗುರುಗಳು ಗರಿಯನ್ನು ಕೇಳಿ ಇಸಿದುಕೊಂಡರು.

ಹಳ್ಳದ ನಡುವೆ ಗುರುಮಲ್ಲ ನಿಂತ. "ಬುದ್ಧೀ, ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತೇ?"

"ಅವಳು ಬರುವುದು ಗೊತ್ತಿತ್ತು. ಅವಳು ಬಂದ ವರ್ಷವೆಲ್ಲ ಕಾಯಿ ಬಿಡುವುದೂ ಗೊತ್ತಿತ್ತು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಂಬುತ್ತಿದ್ದೆಯಾ?"

ಗುರುಮಲ್ಲ ಸುಳ್ಳು ಹೇಳಲಿಲ್ಲ. "ಇಲ್ಲ," ಅಂದ.

ಅವನು ಮಠದ ಮರದ ಕಡೆ ಕಣ್ಣು ಹಾಯಿಸಿದ.

"ತುದಿಯಲ್ಲಿ ಇನ್ನೂ ಮೊಗ್ಗಿದೆ ಬುದ್ಧೀ. ಈಗಲೇ ಹೋಗಿ ಬೇಲಿ ಕೀಳುತ್ತೇನೆ. ಅವಳು ಬರುತ್ತಾಳಾ?"

"ಹೆದರಿದವಳು. ಇನ್ನು ಬರುವುದಿಲ್ಲ."

"ಹಾಗಾದರೆ ನಾನೇನು ಮಾಡಲಿ?"

ಗುರುಗಳು ಗರಿಯನ್ನು ಅವನ ಕೈಗಿಟ್ಟರು.

"ಮೊಗ್ಗು ಅರಳಿದ ಸಂಜೆ ನಮ್ಮ ಹೂವಿಗೆ ಇದನ್ನು ಅದ್ದು. ಅದ್ದಿಕೊಂಡು ಹೋಗಿ ಅವಳ ಮರದಲ್ಲಿ ಕದ್ದು ತಾ. ಹೋಗುವಾಗ ಮಾತ್ರ ಗರಿ ಒರೆಸಬೇಡ."